ದಿನಕ್ಕೊಂದು ಲೀಟರ್

ನನ್ನ ಗಂಡ ಪದ್ಮಯ್ಯನವರ ಹೃದಯ ಸೋತಿದೆ, ದಿನಕ್ಕೆ ಒಂದು ಲೀಟರಿಗಿಂತ ಒಂದು ತೊಟ್ಟೂ ಹೆಚ್ಚು ಕುಡಿಯಬಾರದು ಎಂದರು ಡಾಕ್ಟರು. ಹೆಚ್ಚಾದರೆ ನೀರು ಮೊದಲು ಕಾಲಿಗೆ ಇಳಿಯುತ್ತದಂತೆ, ಆಮೇಲೆ ಶ್ವಾಸಕೋಶಕ್ಕೆ ಏರುತ್ತದಂತೆ. ಒಮ್ಮೆ ಏರಿ ಆಸ್ಪತ್ರೆ ಸೇರಿದ್ದಾಗಿತ್ತು. ಇನ್ನೊಮ್ಮೆ ಏರಿದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಅವರು ಕನ್ನಡಕ ಒರೆಸಿಕೊಂಡರು.

ಹೇಳುವುದು ಸುಲಭ. ಬೆಳಿಗ್ಗೆ ಚಾ, ಮಾತ್ರೆಗೆ ನೀರು, ಮಧ್ಯಾಹ್ನ ಮಜ್ಜಿಗೆ, ಸಂಜೆ ಕಾಫಿ, ಇದನ್ನೆಲ್ಲ ದಿನವಿಡೀ ಕೂಡಿಸುತ್ತ ಕೂರುವುದು ಯಾರು? ನಾನೊಂದು ಉಪಾಯ ಮಾಡಿದೆ. ಲೀಟರಿನ ಬಾಟ್ಲಿಯಲ್ಲಿ ನೀರು ತುಂಬಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಅತ್ತೆಯ ಕಾಲದ ಹಿತ್ತಾಳೆಯ ಕುಡ್ತೆ ಒಂದು ಉಂಟು, ಹಾಲು ಅಳೆಯುವ ಲೋಟ. ಅದರಲ್ಲಿ ನಾಲ್ಕು ಸಲ ಹೊಯ್ದರೆ ಬಾಟ್ಲಿ ಸರಿಯಾಗಿ ತುಂಬುತ್ತದೆ. ಅರ್ಧ ಕುಡ್ತೆಗೆ ಮೊಳೆಯಿಂದ ಒಳಗೆ ಗೆರೆ ಎಳೆದೆ. ಅವರು ಅರ್ಧ ಕುಡ್ತೆ ಚಾ ಕುಡಿದರೆ ಬಾಟ್ಲಿಯಿಂದ ಅಷ್ಟೇ ನೀರು ತೆಗೆದು ತುಳಸಿಗೆ. ಬಾಟ್ಲಿ ಖಾಲಿಯಾಯಿತೋ, ಅಂದಿನ ಕುಡಿತ ಮುಗಿಯಿತು.

"ಬಾಟ್ಲಿ ಖಾಲಿ ಮಾಡುವ ಗಂಡನಿಗೆ ಬೈಯುವ ಹೆಂಗಸರನ್ನು ನೋಡಿದ್ದೇನೆ. ತಾನೇ ಖಾಲಿ ಮಾಡುವವಳು ನೀನೊಬ್ಬಳೇ ಮಾರಾಯ್ತಿ," ಎಂದು ಅವರು ತಮಾಷೆ ಮಾಡಿದರು. ಆದರೆ ಆ ನೀರು ತುಳಸಿಗೆ ಬೀಳುವಾಗ ಅವರು ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದರು. ಬಾಯಾರಿದ ಜೀವ! ಊಟಕ್ಕೆ ಕೂತಾಗಲಾದರೂ ಹೊಟ್ಟೆ ತಂಪಾಗಲಿ ಎಂದು ಗಂಜಿಯನ್ನು ಧಾರಾಳವಾಗಿ ಬಡಿಸುತ್ತಿದ್ದೆ. "ಇನ್ನೊಂದು ಚೂರು," ಎಂದು ಮೇಲಿಂದ ಒಂದು ಸೌಟು ಹೆಚ್ಚೇ.

ಇಷ್ಟೆಲ್ಲ ಮಾಡಿಯೂ ಕಾಲು ಬಾತಿತು. ಬೆರಳಿನಿಂದ ಒತ್ತಿದರೆ ಹಿಟ್ಟಿನ ಮುದ್ದೆಯ ಹಾಗೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಚಪ್ಪಲಿಯ ಪಟ್ಟಿ ಕೊನೆಯ ತೂತಿಗೂ ಎಟುಕದಾಯಿತು. ನನಗೆ ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು, ಏನು ಮಾಡಲಿ?

"ಎಲ್ಲಿ ಕದ್ದು ಕುಡಿಯುತ್ತೀರಿ? ಹೇಳಿ!"

"ನಾನು ಕುಡಿಯಲಿಲ್ಲ, ಸುಬ್ಬಮ್ಮ."

ನಂಬಲಿಲ್ಲ. ವಾಮದಪದವಿನ ಪೇಟೆಯಲ್ಲಿ ಅವರ ಟೈಲರ್ ಅಂಗಡಿಗೆ ತಾಗಿಕೊಂಡೇ ಹಸೈನಾರನ ಶರಬತ್ತಿನ ಅಂಗಡಿ. ನೆಟ್ಟಗೆ ಅಲ್ಲಿಗೇ ಹೋಗಿ, ಗಿರಾಕಿಗಳ ಎದುರೇ ಬಾಯಿಗೆ ಬಂದಂತೆ ಬೈದೆ.

"ದೇವರಾಣೆ ಇಲ್ಲ ಸುಬ್ಬಮ್ಮಕ್ಕ," ಎಂದ ಅವನು ಲಿಂಬೆ ಹಿಂಡುವುದನ್ನು ನಿಲ್ಲಿಸಿ. "ಬಾಯಿ ಒಣಗಿದಾಗ ನೀರು ಕೇಳ್ತಾರೆ. ಮುಕ್ಕಳಿಸಿ ಉಗಿದು ಬಿಡ್ತಾರೆ. ಒಂದು ಗುಟುಕು ನುಂಗುದಿಲ್ಲ ಮಾರಾಯ್ತಿ. ನೋಡ್ಲಿಕ್ಕೆ ನನಗೇ ಆಗುದಿಲ್ಲ."

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ನಾನು ಗಂಜಿ ಬಡಿಸಿದೆ. ಅವರು ಬಟ್ಟಲನ್ನು ಮೆಲ್ಲನೆ ಆಚೆ ಸರಿಸಿದರು. "ಹಸಿವಿಲ್ಲ" ಎಂದು ಜಗಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಎಷ್ಟು ಬೈದರೂ ಊಟ ಬಿಟ್ಟು ಎದ್ದವರಲ್ಲ ಆ ಮನುಷ್ಯ.

ನಾನು ಬಟ್ಟಲಿನ ಮುಂದೆಯೇ ಕೂತೆ, ಏಳಲು ಮನಸ್ಸಾಗಲಿಲ್ಲ. ಕೂತಷ್ಟು ಹೊತ್ತಿನಲ್ಲಿ ಅನ್ನದ ಅಗುಳೆಲ್ಲ ತಳಕ್ಕಿಳಿದು, ಮೇಲೆ ತೆಳಿನೀರು ನಿಂತಿತು. ಬೆಕ್ಕಿಗಾದರೂ ಹಾಕುವ ಎಂದು ತೆಳಿಯನ್ನು ಕೈಗೆ ಸಿಕ್ಕಿದ ಕುಡ್ತೆಗೆ ಬಗ್ಗಿಸಿದೆ. ಕುಡ್ತೆ ತುಂಬಿತು. ಬಟ್ಟಲಲ್ಲಿ ಇನ್ನೂ ಇತ್ತು. ಕುಡ್ತೆಯನ್ನು ಬೇರೊಂದು ಲೋಟಕ್ಕೆ ಖಾಲಿ ಮಾಡಿ ಪುನಃ ಬಗ್ಗಿಸಿದೆ. ಗೆರೆ ದಾಟಿತು.

ಅಯ್ಯೋ ದೇವರೇ! ಒಂದೂವರೆ ಕುಡ್ತೆ. ಒಂದು ಹೊತ್ತಿಗೆ! ರಾತ್ರಿಯೂ ಗಂಜಿಯೇ ಅಲ್ಲವೇ. ಚಾ ಅಳೆದೆ, ಮಾತ್ರೆಯ ನೀರು ಅಳೆದೆ, ಗಂಜಿಯನ್ನು ಅಳೆಯಲಿಲ್ಲ. ಗಂಜಿ ಊಟ ತಾನೇ? ನಮ್ಮೂರಲ್ಲಿ ಗಂಜಿ ಉಣ್ಣುತ್ತೇವೆ, ಯಾರೂ ಕುಡಿಯುವುದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಾಕ್ಟರು "ಏನು ಕುಡಿಯುತ್ತಾರೆ" ಎಂದು ಕೇಳಿದಾಗಲೂ ನಾನು ಗಂಜಿಯ ಸುದ್ದಿಯೇ ಎತ್ತಿರಲಿಲ್ಲ.

ಜಗಲಿಗೆ ಹೋಗಿ ಅವರ ಕಾಲ ಬಳಿ ಕೂತೆ. "ಕದ್ದು ಕುಡಿದದ್ದು ನೀವಲ್ಲ. ಕುಡಿಸಿದ್ದು ನಾನು," ಎಂದೆ. ಅಳು ಬಂತು, ಅತ್ತುಬಿಟ್ಟೆ.

ಅವರು ಎದ್ದು ಕೂತು ಎಲ್ಲ ಕೇಳಿದರು. "ಹೌದಾ? ನಾನೂ ಅದನ್ನು ಊಟ ಅಂತಲೇ ತಿಳ್ಕೊಂಡಿದ್ದೆ," ಎಂದರು. ಬಾತ ಕಾಲನ್ನು ನೋಡಿಕೊಂಡು, "ಹಾಗಾದ್ರೆ ಕಾಫಿ ಬೇಡ. ಅಷ್ಟು ತೆಳಿ ಕೊಡು," ಎಂದರು.

ಮರುದಿನವೇ ಡಾಕ್ಟರಿಗೆ ತೋರಿಸಿದೆವು. ಮಾತ್ರೆ ಸ್ವಲ್ಪ ಬದಲಿಸಿದರು. ಗಂಜಿಯನ್ನು ಬಸಿದು, ತೆಳಿಯನ್ನು ಕುಡ್ತೆಯಲ್ಲಿ ಅಳೆದು ಕೊಟ್ಟು, ಅಷ್ಟೇ ನೀರನ್ನು ತುಳಸಿಗೆ ಹಾಕತೊಡಗಿದೆ. ಬಾವು ಮೆಲ್ಲಮೆಲ್ಲನೆ ಇಳಿಯಿತು. ಒಂದು ದಿನ ಒತ್ತಿ ನೋಡಿದರೆ ಗುಳಿ ಬೀಳಲಿಲ್ಲ. ಪುನಃ ಒತ್ತಿದೆ. "ಹಿಟ್ಟು ನಾದುವುದು ಸಾಕು," ಎಂದು ಅವರು ಕಾಲೆಳೆದುಕೊಂಡರು.

ಆ ಸಂಜೆ ಕಿಟಕಿಯ ಕಡೆ ನೋಡಿ ಅವರೇ ಹೇಳಿದರು, "ಬಾಟ್ಲಿಯಲ್ಲಿ ಅರ್ಧ ಕುಡ್ತೆ ಉಂಟು. ಹಸೈನಾರನ ಅಂಗಡಿಗೆ ಹೋಗುವ. ನೀನು ಸುಮ್ಮನೆ ಬೈದದ್ದಕ್ಕೆ ಒಂದು ವ್ಯಾಪಾರವಾದ್ರೂ ಆಗಲಿ."

ಚಪ್ಪಲಿಯ ಪಟ್ಟಿ ಹಾಕಿಕೊಂಡು ಅವರು ಮುಂದೆ, ಸೆರಗಿನಲ್ಲಿ ಕುಡ್ತೆ ಸುತ್ತಿಕೊಂಡು ನಾನು ಹಿಂದೆ. ಹಸೈನಾರ ಏನೂ ಆಗದವನಂತೆ ನಕ್ಕು ಸ್ಟೂಲು ಎಳೆದ. ಲಿಂಬೆ ಶರಬತ್ತು ಮಾಡಿ, ಕುಡ್ತೆಯೊಳಗಿನ ಗೆರೆಯವರೆಗೆ ಸರಿಯಾಗಿ ಹೊಯ್ದು ಕೈ ತಡೆದ. ಜಗ್ಗಿನಲ್ಲಿ ಇನ್ನೂ ಬೇಕಾದಷ್ಟಿತ್ತು.

"ಇಷ್ಟು ಸಾಕಾ ಸುಬ್ಬಮ್ಮಕ್ಕ?"

ಪದ್ಮಯ್ಯ ಜಗ್ಗನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೊಂದು ಚೂರು ಎನ್ನಲು ನನ್ನ ಬಾಯಿ ತೆರೆದೇ ಬಿಟ್ಟಿತ್ತು.

"ಸಾಕು," ಎಂದೆ.