ಗೆರೆ ಏರಿದ ಮಧ್ಯಾಹ್ನಗಳು

ಸಂಶೋಧನಾಲಯದಲ್ಲಿ ಎಲ್ಲರೂ ಅವಳನ್ನು ಪೊರೆಯಮ್ಮ ಎನ್ನುತ್ತಿದ್ದರು, ಅದೂ ಬೆನ್ನ ಹಿಂದೆ. ಎದುರಿಗೇ ಹಾಗೆ ಕರೆಯುವ ಎದೆಗಾರಿಕೆ ಇದ್ದದ್ದು ಗಾಜಣ್ಣನೊಬ್ಬನಿಗೆ. ಅವನು ಕೆಳಮಹಡಿಯಲ್ಲಿ ಗಾಜು ಕಾಯಿಸಿ, ಊದಿ, ಎಲ್ಲರಿಗೂ ನಳಿಕೆ, ಬಟ್ಟಲುಗಳನ್ನು ಮಾಡಿಕೊಡುವವನು.

ಪೊರೆಯಮ್ಮನ ಕೆಲಸ ಹೇಳಲು ಸುಲಭ, ಮಾಡಲು ತಲೆನೋವು. ಉಪ್ಪುನೀರಿನ ಎರಡು ಬಟ್ಟಲುಗಳ ನಡುವೆ ಒಂದು ಗೋಡೆ, ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತಿಗೆ ಅವಳು ಕುಂಚದಿಂದ ಕೊಬ್ಬಿನ ಪೊರೆ ಬಳಿಯುತ್ತಾಳೆ. ನಮ್ಮ ಮೈಯ ಪ್ರತಿ ಜೀವಕೋಶವೂ ಹೊದ್ದುಕೊಂಡಿರುವಂಥದೇ ಪೊರೆ. ನೀರಿನಲ್ಲಿ ಕರಗಿದ ಉಪ್ಪು ಧನ, ಋಣ ವಿದ್ಯುತ್ತು ಹೊತ್ತ ಅಯಾನುಗಳಾಗಿ ಬೇರೆಯಾಗುತ್ತದೆ. ಬರೀ ಕೊಬ್ಬನ್ನು ತೂರಿಕೊಂಡು ಹೋಗುವುದು ಅವುಗಳ ಕೈಲಾಗದ ಮಾತು. ಹಾಗಾಗಿ ಅವಳು ಒಂದು ಔಷಧದ ಹನಿ ಹಾಕಿ, ಪೊರೆಯಲ್ಲಿ ಸಣ್ಣ ಸಣ್ಣ ಕೊಳವೆಗಳು ಕೂರುವಂತೆ ಮಾಡುತ್ತಾಳೆ. ಕೊಬ್ಬೇ ಋಣ ವಿದ್ಯುತ್ತು ಹೊತ್ತಿದ್ದರೆ ಧನ ಅಯಾನುಗಳು ಅದರ ಮುಂದೆ ಮುಗಿಬೀಳುತ್ತವೆ, ಹೆಚ್ಚು ಹೆಚ್ಚು ದಾಟುತ್ತವೆ. ಕೊಬ್ಬು ಏನನ್ನೂ ಹೊತ್ತಿರದಿದ್ದರೆ ಅವುಗಳಿಗೆ ಅಂಥ ಅವಸರವಿಲ್ಲ. ತಾನೇ ತಯಾರಿಸಿದ ಹೊಸ ಕೊಬ್ಬಿನಲ್ಲೂ ಹೀಗೇ ಆಗುತ್ತದೆ ಎಂದು ತೋರಿಸುವುದು ಅವಳ ಹಟವಾಗಿತ್ತು.

ದಾಟಿದ ಅಯಾನುಗಳ ಲೆಕ್ಕ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಆ ಗೆರೆಯಷ್ಟು ಮುನಿಸಿನದು ಇನ್ನೊಂದಿಲ್ಲ. ಉಣ್ಣೆಯ ಅಂಗಿ ತೊಟ್ಟವರು ಹತ್ತಿರ ಸುಳಿದರೂ, ಬಟ್ಟೆಯ ಉಜ್ಜಾಟದಲ್ಲಿ ಮೈಗೆ ಹತ್ತಿದ ವಿದ್ಯುತ್ತಿಗೇ ಅದು ಏರಿಬಿಡುತ್ತದೆ. ಹೊರಗಿನ ವಿದ್ಯುತ್ತನ್ನು ತಡೆಯಲು ಸುತ್ತ ತಾಮ್ರದ ಬಲೆಯಿದ್ದರೂ ಕೈಯಾಡಿಸಲೆಂದು ಬಾಗಿಲ ಕಡೆ ಅದನ್ನು ತೆರೆದಿಟ್ಟಿದ್ದಳು. ಅವಳು ಮಾತ್ರ ಮಣಿಕಟ್ಟಿಗೆ ತಂತಿ ಕಟ್ಟಿ, ಮೈಯ ವಿದ್ಯುತ್ತನ್ನೆಲ್ಲ ನೆಲಕ್ಕಿಳಿಸಿ, ಕಲ್ಲಿನ ಹಾಗೆ ಕೂರುತ್ತಿದ್ದಳು.

ಊಟದ ಬಿಡುವಿನಲ್ಲಿ ಗಾಜಣ್ಣ ಬರುತ್ತಿದ್ದ. ಮೂಲೆಯ ಸ್ಟೂಲಿನಲ್ಲಿ ಕೂತು ಒಡೆದ ಬಟ್ಟಲುಗಳ ಕಥೆ, ಅವುಗಳನ್ನು ಒಡೆದವರು ಹೇಳಿದ ಸುಳ್ಳುಗಳ ಕಥೆ ಬಿಚ್ಚುತ್ತಿದ್ದ. ದಿನದಲ್ಲಿ ಅವಳ ಜೊತೆ ಯಾರಾದರೂ ಕೆಲಸಕ್ಕೆ ಸಂಬಂಧವಿಲ್ಲದ ಮಾತಾಡುತ್ತಿದ್ದರೆ ಅದು ಆಗ ಮಾತ್ರ. ಮನೆಯಲ್ಲಿ ಬೀಗ ತೆಗೆಯುವವಳೂ ಅವಳೇ, ಹಾಕುವವಳೂ ಅವಳೇ. ತಂಗಿ ಅಪರೂಪಕ್ಕೆ ಫೋನ್ ಮಾಡಿ, "ಅಕ್ಕಾ, ನಿನ್ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ" ಎಂದು ಇಟ್ಟುಬಿಡುತ್ತಿದ್ದಳು.

ಒಂದು ದಿನ ಬಹಳ ಹೆಣಗಿ ನಿಲ್ಲಿಸಿದ ಪೊರೆಯೊಂದು ಅವನು ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಒಡೆಯಿತು. ಪೊರೆಯಮ್ಮನ ತಾಳ್ಮೆಯೂ ಜೊತೆಗೇ ಹೋಯಿತು.

"ನೀವು ಬಂದ್ರೆ ನನ್ ಕೆಲಸ ಕೆಡುತ್ತೆ. ದಯವಿಟ್ಟು ಬರಬೇಡಿ."

ಅವನು ತನ್ನ ಉಣ್ಣೆಯ ಅಂಗಿಯನ್ನೊಮ್ಮೆ ನೋಡಿಕೊಂಡು, "ಆಯ್ತಮ್ಮ" ಎಂದು ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪೊರೆಯಮ್ಮ ಸ್ಟೂಲನ್ನು ಗೋಡೆಗೆ ಸರಿಸಿದಳು. ಸರಿಸಿದ ಮೇಲೆ ಕೋಣೆ ಇನ್ನೂ ಖಾಲಿಯಾಗಿ ಕಂಡಿತು.

ಆದರೂ ಗೆರೆ ಸುಮ್ಮನಾಗಲಿಲ್ಲ. ಬೆಳಿಗ್ಗೆಯೆಲ್ಲ ನೆಟ್ಟಗಿದ್ದದ್ದು ಊಟದ ಹೊತ್ತಿಗೆ ಏರುತ್ತಿತ್ತು. ಅವಳು ಲಿಫ್ಟಿನ ಮೇಲೆ ಗುಮಾನಿಪಟ್ಟಳು. ಪಕ್ಕದ ಕೋಣೆಯವರ ಫ್ರಿಜ್ ಆರಿಸಿಟ್ಟು ಬೈಸಿಕೊಂಡಳು. ಅಳತೆಗೆಂದು ಬಟ್ಟಲುಗಳಿಗೆ ಇಳಿಬಿಟ್ಟ ಬೆಳ್ಳಿಯ ತಂತಿಗಳನ್ನು ಬದಲಿಸಿದಳು. ಏನೂ ಪ್ರಯೋಜನವಾಗಲಿಲ್ಲ.

ಕೊನೆಗೊಂದು ಮಧ್ಯಾಹ್ನ ಗೆರೆ ಏರುವ ರೀತಿಯನ್ನೇ ದಿಟ್ಟಿಸಿ ನೋಡಿದಳು. ಯಂತ್ರವಾದರೆ ಥಟ್ಟನೆ ಏರಿ ಥಟ್ಟನೆ ಇಳಿಯಬೇಕು. ಇದು ಹಾಗಲ್ಲ. ಮೆಲ್ಲಗೆ ಏರಿತು, ಮೇಲೆ ನಿಂತಿತು, ಅಲ್ಲೇ ಚೂರು ತೂಗಾಡಿತು. ಕಾಲು ಬದಲಿಸುತ್ತ ನಿಂತ ಮನುಷ್ಯ ತೂಗಾಡುವ ಹಾಗೆ. ಪೊರೆ ಒಡೆದ ದಿನದ ದಾಖಲೆಯನ್ನು ಪಕ್ಕಕ್ಕೆ ತಂದಳು. ಒಡೆಯುವ ಮುನ್ನ ಅಲ್ಲೂ ಅದೇ ಏರು ಇತ್ತು.

ಅವಳ ಮೇಜಿಗೂ ಮರದ ಬಾಗಿಲಿಗೂ ಒಂದು ಮಾರು ದೂರವೂ ಇರಲಿಲ್ಲ. ಗಾಜಣ್ಣ ಅದರಾಚೆ ನಿಂತಿದ್ದ. ದಿನವೂ ಬಂದು, ತಟ್ಟದೆ, ನಿಂತು ಹೋಗುತ್ತಿದ್ದ.

ಎದ್ದು ಬಾಗಿಲು ತೆರೆಯಬೇಕೆಂದುಕೊಂಡಳು. ಎದ್ದರೆ ಗೆರೆ ತನ್ನ ಅಲುಗಾಟಕ್ಕೇ ಕುಣಿಯುತ್ತದೆ, ಅವನಿದ್ದಾನೋ ಹೋದನೋ ತಿಳಿಯುವುದಿಲ್ಲ. ಹೀಗೆ ಯೋಚಿಸುತ್ತ ಕೂತಿರುವಾಗಲೇ ಗೆರೆ ನಿಧಾನವಾಗಿ ಇಳಿದುಹೋಯಿತು. ಬಾಗಿಲು ತೆರೆದಾಗ ಓಣಿಯಲ್ಲಿ ಯಾರೂ ಇರಲಿಲ್ಲ.

ಕೆಳಮಹಡಿಗೆ ಓಡಿದಳು. ಗಾಜಣ್ಣ ಆಗಷ್ಟೇ ಕಪ್ಪು ಕನ್ನಡಕ ಏರಿಸಿ ಉರಿಯ ಮುಂದೆ ಕೂತಿದ್ದ. ಹೇಳಬೇಕಾದದ್ದು ಎರಡು ಮಾತು: ನೀವು ಹೊರಗೆ ನಿಂತರೂ ಕೆಡುತ್ತದೆ, ಒಳಗೆ ಬಂದು ನನ್ನ ಹಾಗೇ ಒಂದು ತಂತಿ ಕಟ್ಟಿ ಕೂತರೆ ಏನೂ ಆಗುವುದಿಲ್ಲ. ಇನ್ನೊಂದು ತಂತಿ ಕಟ್ಟಬಹುದೆಂದು ಇಷ್ಟು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ. ಒಬ್ಬರೇ ಕೂರುವ ಮೇಜಿಗೆ ಒಂದೇ ತಂತಿ ತಾನೇ. ಆದರೆ ಮೊದಲು ದೋಷ ಹೇಳಿ ಆಮೇಲೆ ಪರಿಹಾರಕ್ಕೆ ಬರುವುದು ಅವಳ ಕಸುಬಿನ ಚಾಳಿ.

"ನೀವು ಹೊರಗೆ ನಿಂತ್ರೂ ಗೆರೆ ಕೆಡುತ್ತೆ."

ಗಾಜಣ್ಣನ ಮುಖ ಕೆಂಪಾಯಿತು. "ಬಾಗಿಲಿದೆಯಲ್ಲ, ಏನೂ ಆಗಲ್ಲ ಅನ್ಕೊಂಡಿದ್ದೆ. ತಪ್ಪಾಯ್ತು. ಇನ್ನು ಆ ಕಡೆ ತಲೆ ಹಾಕಲ್ಲ ಬಿಡಿ."

ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ. ಅದನ್ನು ಕಂಡು ಎರಡನೆಯ ಮಾತು ಅವಳ ನಾಲಿಗೆಯಲ್ಲೇ ಒಣಗಿತು. ಮೇಲೆ ಬಂದು ಕೂತಳು.

ಮರುದಿನ ಊಟದ ಹೊತ್ತಿಗೆ ಗೆರೆ ಏರಲಿಲ್ಲ. ಏನೂ ಹೊರದ ಕೊಬ್ಬಿನ ಪೊರೆಯಲ್ಲಿ ಅದು ತಗ್ಗಿನಲ್ಲಿ ಓಡಿತು. ಋಣ ಹೊತ್ತ ಹೊಸ ಕೊಬ್ಬು ಬಳಿದಾಗ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಎರಡರ ನಡುವಿನ ಅಂತರ ಕುರುಡರಿಗೂ ಕಾಣುವಷ್ಟಿತ್ತು. ವರ್ಷಗಟ್ಟಲೆ ಬೇಕೆಂದದ್ದು ಇದೇ. ಅವಳಿಗೆ ಅಳು ಬಂತು. ಇಷ್ಟು ಸ್ವಚ್ಛವಾದ ಗೆರೆಗೆ ಅರ್ಥ ಒಂದೇ: ಬಾಗಿಲಾಚೆ ಯಾರೂ ಇಲ್ಲ.

ಪೊರೆಯನ್ನು ಹಾಗೇ ಬಿಟ್ಟು ಮಣಿಕಟ್ಟಿನ ತಂತಿ ಬಿಚ್ಚಿ ಕೆಳಗಿಳಿದಳು. ಗಾಜಿನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಉರಿ ಒಂದೇ ಸಮನೆ ಸುಯ್ಯೆನ್ನುತ್ತಿತ್ತು. ಅವಳು ನಿಂತಳು. ಕಾಲು ಬದಲಿಸಿದಳು. ಆ ಸದ್ದು ಏರಲಿಲ್ಲ, ಇಳಿಯಲೂ ಇಲ್ಲ. ಹೊರಗೆ ಒಬ್ಬರು ಬಂದು ನಿಂತಿದ್ದಾರೆಂದು ಅವನಿಗೆ ತಿಳಿಸಬಲ್ಲಂಥದ್ದು ಆ ಕೋಣೆಯಲ್ಲಿ ಏನೂ ಇರಲಿಲ್ಲ.

ಪೊರೆಯಮ್ಮ ಬಾಗಿಲು ತಟ್ಟಿದಳು.