ಅಲೆಗಳ ನಡುವೆ ಆಡಿದ ಮಾತು

ಒಣ ರಸ್ತೆಯಲ್ಲಿಯೂ ಅವರು ನೀರಿನಲ್ಲಿ ನಡೆಯುವವರಂತೆ ನಡೆಯುತ್ತಿದ್ದರು: ಗದ್ದ ಮೇಲಕ್ಕೆ, ಮೊಣಕಾಲು ಎತ್ತೆತ್ತಿ, ತಳ ಸಿಕ್ಕಿತೇ ಎಂದು ಪರೀಕ್ಷಿಸುವವರಂತೆ ಒಂದೊಂದೇ ಹೆಜ್ಜೆ ಊರುತ್ತ. ಬೀದಿಯ ಮಕ್ಕಳು ‘ಕೊಕ್ಕರೆ ಮಾಮ’ ಎಂದು ಕೂಗಿದರೆ ಕತ್ತನ್ನು ಇನ್ನಷ್ಟು ಉದ್ದ ಮಾಡಿ ತೋರಿಸುವರು. ಪಕ್ಕದಲ್ಲಿ ನಡೆಯುವ ಹೆಂಡತಿಗೆ ಮಾತ್ರ, ತನಗೆ ಕಾಣದ ಸಮುದ್ರವೊಂದು ಗಂಡನ ಎದೆಯವರೆಗೆ ಏರಿ ಇಳಿಯುತ್ತಿದೆಯೇನೋ ಅನ್ನಿಸುತ್ತಿತ್ತು.

ಅವರದು ಕನ್ನಡಕದ ಅಂಗಡಿ. ಗಾಜನ್ನು ಉಜ್ಜಿ ಕಿಟಕಿಯ ಬೆಳಕಿಗೆ ಹಿಡಿದರೆಂದರೆ, ಗಿರಾಕಿ ಎದುರಿಗೆ ನಿಂತಿದ್ದಾನೆಂಬುದನ್ನೂ ಮರೆತು, ಆ ಪುಟ್ಟ ವೃತ್ತದೊಳಗೆ ಯಾವುದೋ ದೂರವನ್ನು ದಿಟ್ಟಿಸುತ್ತ ಉಳಿದುಬಿಡುವರು. ಸಣ್ಣ ಸ್ಕ್ರೂಗಳ ಡ್ರಾಯರಿನಲ್ಲೇ ಎರಡು ಪದಕಗಳಿದ್ದವು. ಒಂದು ಗಾಯಕ್ಕೆ, ಇನ್ನೊಂದು ಶೌರ್ಯಕ್ಕೆ. ಯುದ್ಧದಲ್ಲಿ ಅವರ ಪಡೆ ದ್ವೀಪವೊಂದರ ದಡಕ್ಕೆ ಇಳಿದು ಗುಂಡಿನ ಸುರಿಮಳೆಗೆ ಸಿಕ್ಕಾಗ, ಗಾಯಾಳುಗಳನ್ನು ಹೆಗಲಿಗೇರಿಸಿ, ಎದೆಮಟ್ಟದ ನೀರಿನಲ್ಲಿ ದೋಣಿಯವರೆಗೆ ಏಳು ಸಲ ಹೋಗಿಬಂದವರು ಅವರು. ಐದನೆಯ ಸಲದಿಂದ ಅವರ ತೋಳಿನಲ್ಲೂ ಗುಂಡಿತ್ತು.

“ಏಳು ಜನರ ಜೀವ ಉಳಿಸಿದವರು,” ಎಂದು ಹೆಂಡತಿ ಬಂದವರಿಗೆ ಹೆಮ್ಮೆಯಿಂದ ಹೇಳುವರು.

“ಆರು,” ಎನ್ನುವರು ಇವರು, ತಲೆಯೆತ್ತದೆ.

“ಏಳು ರೀ! ಸರ್ಕಾರವೇ ಬರೆದುಕೊಟ್ಟಿದೆ.”

“ಸರ್ಕಾರ ನೀರಿಗೆ ಇಳಿದಿತ್ತಾ?”

ಮತ್ತೆ ಗಾಜು ಉಜ್ಜತೊಡಗುವರು.

ಪಡೆಯ ಹಳಬರನ್ನೂ ಮಡಿದವರ ಮನೆಯವರನ್ನೂ ಕರೆದು ಸೇನೆಯವರು ಒಂದು ಸಭೆ ನಡೆಸಿದಾಗ, ಹೆಂಡತಿ ಹಟ ಹಿಡಿದು ಅವರ ಕೋಟಿಗೆ ಪದಕಗಳನ್ನು ಚುಚ್ಚಿದರು. ವೇದಿಕೆಯ ಮೇಲೆ ಮುದಿ ಅಧಿಕಾರಿ ‘ಏಳು ಪ್ರಾಣಗಳು’ ಎಂದು ಓದುತ್ತಿದ್ದಂತೆ ಇವರು ಎದ್ದು ನಿಂತರು. ಪಕ್ಕದಲ್ಲಿದ್ದ ಹೆಂಡತಿ ತೋಳು ಹಿಡಿದೆಳೆದರೂ ಕೂರಲಿಲ್ಲ.

“ಆರು, ಸಾರ್. ಏಳನೆಯವನು ನಮ್ಮ ಪಡೇಲಿ ಕಹಳೆ ಊದೋನು. ಕಣ್ಣು ಮುಚ್ಚಬೇಡ ಕಣೋ ಅಂತ ದಾರಿಯುದ್ದಕ್ಕೂ ಮಾತಾಡಿಸ್ತಾ ಬಂದೆ. ದೋಣಿಗೆ ಹಾಕಿದ ಮೇಲೆ ಗೊತ್ತಾಯ್ತು. ಎಷ್ಟು ದೂರ ನಾನೊಬ್ಬನೇ ಮಾತಾಡಿದ್ನೋ, ಗೊತ್ತಿಲ್ಲ.”

ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಡತಿ ಈ ಮಾತನ್ನು ಕೇಳಿದ್ದು ಅದೇ ಮೊದಲು. ಎಳೆಯುತ್ತಿದ್ದ ಕೈ ಹಾಗೆಯೇ ತೋಳಿನ ಮೇಲೆ ನಿಂತಿತು.

ಸಭೆ ಮುಗಿದ ಮೇಲೆ ನರೆತ ತಲೆಯ ಹೆಂಗಸೊಬ್ಬರು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದರು. “ನಾನು ಕಹಳೆಯವನ ಅಕ್ಕ. ಏನು ಮಾತಾಡಿಸಿದ್ರಿ ಅವನನ್ನ?”

“ನಿಮ್ಮನೆ ಬಾಗಿಲು ಯಾವ ಬಣ್ಣ ಅಂತ ಕೇಳ್ದೆ. ಹಸಿರು ಅಂದ. ಆಮೇಲೆ ಕೇಳಿದ್ದಕ್ಕೆ ಯಾವುದಕ್ಕೂ ಉತ್ತರ ಬರಲಿಲ್ಲ.”

ಆಕೆ ಪಕ್ಕದ ಕುರ್ಚಿಯಲ್ಲಿ ಕೂತರು. “ಅವನು ಹೊರಟಾಗ ನೀಲಿ ಇತ್ತು. ಹಸಿರು ಬಳಿದದ್ದು ಆಮೇಲೆ. ಕಾಗದದಲ್ಲಿ ಬರೆದಿದ್ದೆ... ನನ್ನ ಕೊನೇ ಕಾಗದ. ತಲುಪಿತೋ ಇಲ್ವೋ ಅಂತ ಇಷ್ಟು ವರ್ಷ—”

“ತಲುಪಿದೆ, ಅಕ್ಕ.”

ಹೆಂಡತಿ ಹೋಗಿ ಆಕೆಗೆ ನೀರು ತಂದುಕೊಟ್ಟರು.

ಲೋಕ ಪ್ರೀತಿಯಿಂದಲೇ ಕೊಟ್ಟ ಹೊಗಳಿಕೆಯಲ್ಲಿ ತಮಗೆ ಸಲ್ಲದ್ದೊಂದು ಸೇರಿಕೊಂಡಿದ್ದರೆ, ಅದನ್ನು ಹಿಂದಿರುಗಿಸುವವರೆಗೆ ಇಂಥವರಿಗೆ ನೆಲ ಸಿಕ್ಕುವುದಿಲ್ಲ. ಕೈತಪ್ಪಿಹೋದವನೊಬ್ಬನ ಕಡೆಯ ಮಾತನ್ನು ಅವರು ಜತನದಿಂದ ಕಾಯುತ್ತಾರೆ, ಅದು ಯಾರಿಗೆ ಸೇರಬೇಕಾದದ್ದೆಂದು ತಿಳಿಯದೆಯೇ; ಕೇಳುವವರು ಬಂದ ದಿನ ಒಂದಕ್ಷರ ಹೆಚ್ಚಿಸದೆ, ಒಂದಕ್ಷರ ಕಳೆಯದೆ ಒಪ್ಪಿಸಿಬಿಡುತ್ತಾರೆ.