ಎಡಗಡೆಯ ಪ್ಯಾಡ್

ಬಣಕಲ್‌ನಲ್ಲಿ ಜೀಪಿನ ಸೀಟು ಹೊಲಿಯುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಹೈವೇ ಪಕ್ಕದಲ್ಲಿ ಇದೇ ಅಂಗಡಿ. ನನ್ನ ಹೊಲಿಗೆಗೆ ಯಾರಾದರೂ ಕೊಂಕು ತೆಗೆದರೆ ನನಗೆ ಆಗುವುದಿಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದರಲ್ಲಿ ಅರ್ಧ ಈ ಕೋಪದ್ದು, ಇನ್ನರ್ಧ ಮರ್ಯಾದೆಯದು.

ಸುಬ್ಬಯ್ಯ ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಈಗ ರಿಟೈರ್ ಆಗಿ ಮಗಳು ಅರ್ಪಿತಾಳ ಜೊತೆ ಊರಲ್ಲೇ ಇದ್ದಾರೆ. ಕಾಫಿ ಕೊಯ್ಲು ಮುಗಿದ ಸಮಯದಲ್ಲಿ ಒಂದು ದಿನ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಅಂಗಡಿಗೆ ಬಂದರು. ಬಿಚ್ಚಿದರೆ ಹಳೇ ಕಾಲದ ದೊಡ್ಡ ಹೆಡ್‌ಫೋನ್. ಎಂಬತ್ತನಾಲ್ಕರಲ್ಲಿ ಅವರ ಅಣ್ಣ ಮಸ್ಕತ್‌ನಿಂದ ತಂದುಕೊಟ್ಟದ್ದಂತೆ. ತಂತಿ, ಕಬ್ಬಿಣದ ಪಟ್ಟಿ ಎಲ್ಲ ಗಟ್ಟಿಮುಟ್ಟಾಗಿತ್ತು. ಕಿವಿಯ ಮೇಲೆ ಕೂರುವ ಪ್ಯಾಡ್ ಮಾತ್ರ ಪುಡಿಪುಡಿ. ಮೇಷ್ಟ್ರ ಬಿಳಿ ಕೂದಲಿನಲ್ಲಿ ಕರಿ ಹೊಟ್ಟು ಅಂಟಿಕೊಂಡಿತ್ತು. ಆನ್‌ಲೈನಿನಲ್ಲಿ ತರಿಸಿದ ಪ್ಯಾಡ್ ಇದಕ್ಕೆ ಕೂರಲಿಲ್ಲ, ನೀನೇ ಹೊಲಿದುಕೊಡು ಎಂದರು.

ಅವರಿಗೆ ಅದು ಬೇಕಾದದ್ದು ಶೋಕಿಗಲ್ಲ. ಅವರ ದೊಡ್ಡಮ್ಮ ಸುಭದ್ರಾ ಹೇಳುತ್ತಿದ್ದ ಮದುವೆಯ ಹಸೆ ಹಾಡುಗಳು ಒಂಬತ್ತು ಕ್ಯಾಸೆಟ್ ಇದ್ದವು. ದೊಡ್ಡಮ್ಮ ಹೋಗಿ ಮೂವತ್ತು ವರ್ಷ. ಆ ಧಾಟಿಯಲ್ಲಿ ಹಾಡುವವರು ಈಗ ಯಾರೂ ಉಳಿದಿಲ್ಲ. ಮೇಷ್ಟ್ರು ಒಂದೊಂದೇ ಹಾಡನ್ನು ಕೇಳಿ, ಸಾಹಿತ್ಯವನ್ನೂ ಸ್ವರವನ್ನೂ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಐದು ಕ್ಯಾಸೆಟ್ ಮುಗಿದು ಆರನೆಯದು ನಡೆಯುತ್ತಿತ್ತು.

ನಾನು ಆ ಕೆಲಸವನ್ನು ಮನಸ್ಸಿಟ್ಟು ಮಾಡಿದೆ. ಅಂಟಂಟಾಗಿದ್ದ ಹಳೇ ಸ್ಪಂಜನ್ನು ಸ್ಪಿರಿಟ್ ಹಾಕಿ ಒರೆಸಿದೆ. ಸೀಟಿನ ಫೋಮ್ ಬಿರುಸು ಎಂದು ಮೂಡಿಗೆರೆಯಿಂದ ಮೆತ್ತನೆಯದು ತಂದು ಬಳೆಯ ಹಾಗೆ ಕತ್ತರಿಸಿದೆ. ಹೊಲಿಗೆ ಕಿವಿಗೆ ಒತ್ತಬಾರದಲ್ಲ, ಅದಕ್ಕೆ ರೆಕ್ಸಿನ್ನನ್ನು ಒಳಮಗ್ಗುಲಲ್ಲಿ ಹೊಲಿದು ಮಗುಚಿ ಹಾಕಿದೆ. ಮೇಷ್ಟ್ರು ಅಂಗಡಿಯ ರೇಡಿಯೋಕ್ಕೆ ಸಿಕ್ಕಿಸಿ ಹಾಕಿಕೊಂಡು, ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿ, ಸರಿಯಾಗಿದೆ ಎಂದು ತಲೆಯಾಡಿಸಿ ಹೋದರು. ನಾನು ಇನ್ನೂ ಎರಡು ಮಾತು ಹೊಗಳುತ್ತಾರೆ ಎಂದುಕೊಂಡಿದ್ದೆ.

ಒಂದು ವಾರ ಕಳೆದು ಅವರು ಉಜಿರೆಗೆ ಮದುವೆಗೆ ಹೋಗಿ ಬಂದರು. ಮಾರನೇ ಬೆಳಿಗ್ಗೆ ನನ್ನ ಅಂಗಡಿ ಬಾಗಿಲಲ್ಲಿದ್ದರು. ಎಡಗಡೆ ಶಬ್ದ ಕಡಿಮೆ ಕೇಳುತ್ತದೆ, ಪ್ಯಾಡ್ ಸರಿಯಾಗಿ ಕೂತಿಲ್ಲವೇನೋ ನೋಡು ಎಂದರು. ಕಿವಿಯೂ ಸ್ವಲ್ಪ ಕಟ್ಟಿದ ಹಾಗಿದೆಯಂತೆ, ಅದು ಚಾರ್ಮಾಡಿ ಘಾಟಿ ಇಳಿದು ಹತ್ತಿದ್ದಕ್ಕೆ ಎಂದು ಅವರೇ ನಕ್ಕರು. ನಾನೂ ನಕ್ಕೆ. ಘಾಟಿಯಲ್ಲಿ ಯಾರಿಗೆ ಕಿವಿ ಕಟ್ಟುವುದಿಲ್ಲ? ಎಂಜಲು ನುಂಗಿದರೆ ಬಿಡುತ್ತದೆ.

ಎಡಗಡೆಯದನ್ನು ಬಿಚ್ಚಿ ಒಂದು ಪದರ ಫೋಮ್ ಜಾಸ್ತಿ ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದರು. ತಂತಿಯ ದೋಷ ಇರಬಹುದೆಂದು ಎದುರಿನ ಮೊಬೈಲ್ ರಿಪೇರಿಯವನಿಗೆ ತೋರಿಸಿದೆ. ಎಲ್ಲ ಸರಿ ಇದೆ ಎಂದ. ಅಷ್ಟು ಹೊತ್ತಿಗೆ ನನಗೆ ಒಳಗೊಳಗೇ ಕುದಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಹೊಸ ರೆಕ್ಸಿನ್ ಹಾಕಿ ಎಡಗಡೆಯದನ್ನು ಪೂರ್ತಿ ಬೇರೆಯೇ ಹೊಲಿದೆ.

ಆರನೇ ದಿನ ಮೇಷ್ಟ್ರು ಟೇಪ್ ರೆಕಾರ್ಡರನ್ನೂ ಹೊತ್ತು ತಂದರು. ಅತ್ತಿಗುಂಡಿಯಲ್ಲಿ ಟೂರಿಸ್ಟ್ ಜೀಪ್ ಓಡಿಸುವ ಸುರೇಂದ್ರ ಸೀಟಿಗಾಗಿ ಕಾದು ನಿಂತಿದ್ದ, ಇನ್ನೂ ಎಷ್ಟೊತ್ತು ಎಂದು ಮುಖ ಊದಿಸಿಕೊಂಡಿದ್ದ. ಮೇಷ್ಟ್ರು ಹೆಡ್‌ಫೋನನ್ನು ತಾವೇ ನನ್ನ ತಲೆಗೆ ಹಾಕಿ ಬಟನ್ ಒತ್ತಿದರು. ಸುಭದ್ರಮ್ಮನ ದನಿ ಕೇಳಿತು. ಎರಡೂ ಕಿವಿಯಲ್ಲಿ ಒಂದೇ ಸಮ. ಎಡಕ್ಕೆ ಎಳ್ಳಷ್ಟೂ ಕಡಿಮೆ ಇರಲಿಲ್ಲ.

ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. "ಎಡಗಡೆ ಸ್ವಲ್ಪ ಕಡಿಮೆ ಅಲ್ವೇನೋ ನಾಗೇಶ?" ಎಂದು ಕೇಳಿದರು.

ಇಲ್ಲ ಎಂದರೆ ನೀವು ಹೇಳುವುದು ಸುಳ್ಳು ಎಂದ ಹಾಗಾಗುತ್ತದೆ. ಅವರ ಎದುರು ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಗುರುವಿಗೇ ತಿರುಮಂತ್ರ ಹಾಕುವುದೇ? ಅದೂ ಸುರೇಂದ್ರನ ಮುಂದೆ. ಜೊತೆಗೆ ಒಮ್ಮೆ ಹೌದು ಎಂದು ಕಳಿಸಿಬಿಟ್ಟರೆ ಸಾಕು ಎನ್ನುವ ಸಿಟ್ಟು ಬೇರೆ.

"ಹೌದು ಸಾರ್, ಸ್ವಲ್ಪ ಕಡಿಮೆನೇ ಕೇಳ್ತದೆ" ಎಂದೆ.

ಅವರ ಮುಖ ಅರಳಿತು. ಅಷ್ಟು ನಿರಾಳವಾಗಿ ಅವರು ನಕ್ಕದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ನಂಗೇ ಒಂದು ಅನುಮಾನ ಬಂದಿತ್ತು ಮಾರಾಯ, ಸದ್ಯ, ಎಂದರು. ಯಾವ ಅನುಮಾನ ಎಂದು ನಾನು ಕೇಳಲಿಲ್ಲ. ಬಿಟ್ಟು ಹೋಗಿ ಸಾರ್, ನಿಧಾನಕ್ಕೆ ಮಾಡಿಡುತ್ತೇನೆ ಎಂದೆ. ಹೆಡ್‌ಫೋನ್ ಹದಿನೈದು ದಿನ ಅಂಗಡಿಯ ಮೊಳೆಗೆ ನೇತುಬಿದ್ದಿತ್ತು. ಆಮೇಲೆ ಏನನ್ನೂ ಮಾಡದೆ, ಪ್ಯಾಡ್ ಮೇಲೆ ಒಂದು ಸಲ ಎಣ್ಣೆ ಬಟ್ಟೆ ಆಡಿಸಿ ವಾಪಸ್ ಕೊಟ್ಟೆ.

ಕಂಡುಹಿಡಿದದ್ದು ಅರ್ಪಿತಾ. ಅಪ್ಪ ಇನ್ನೂ ಎಡಗಡೆ ಎಡಗಡೆ ಎನ್ನುವುದನ್ನು ಕೇಳಿ, ಹೆಡ್‌ಫೋನನ್ನು ತಿರುಗಿಸಿ ಅವರ ತಲೆಗೆ ಹಾಕಿದಳು. ಬಲದ್ದು ಎಡಕ್ಕೆ ಬಂತು, ಎಡದ್ದು ಬಲಕ್ಕೆ ಹೋಯಿತು. ಆಗಲೂ ಮೇಷ್ಟ್ರಿಗೆ ಎಡಗಿವಿಯಲ್ಲೇ ಕಡಿಮೆ ಕೇಳಿತು. ಅಷ್ಟು ಸುಲಭದ ಪರೀಕ್ಷೆ. ಎರಡು ಸಲ ಬಿಚ್ಚಿ ಹೊಲಿದ ನನಗೆ ಅದು ಹೊಳೆಯಲಿಲ್ಲ.

ಮಾರನೇ ದಿನ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದಳು. ಬರುವಾಗ ಅಪ್ಪನನ್ನು ಕಾರಿನಲ್ಲೇ ಕೂರಿಸಿ ಅಂಗಡಿಗೆ ಬಂದಳು. ಅಪ್ಪ ಮೊದಲ ಸಲ ದೂರು ತಂದದ್ದು ಯಾವತ್ತು ಎಂದು ಕೇಳಿದಳು. ಉಜಿರೆ ಮದುವೆಯ ಮಾರನೇ ದಿನ ಎಂದೆ. ಅವಳು ಬೆರಳು ಮಡಚಿ ಎಣಿಸಿದಳು. ಇಪ್ಪತ್ನಾಲ್ಕು ದಿನ. ಕಿವಿಯ ನರಕ್ಕೆ ಇದ್ದಕ್ಕಿದ್ದ ಹಾಗೆ ಹೀಗಾಗುವುದುಂಟಂತೆ. ಮೊದಲ ಹತ್ತು ದಿನದಲ್ಲಿ ಬಂದಿದ್ದರೆ ಔಷಧಿ ಹಿಡಿಯುವ ಸಾಧ್ಯತೆ ಚೆನ್ನಾಗಿತ್ತು, ಈಗ ಕೊಟ್ಟು ನೋಡೋಣ, ಭರವಸೆ ಇಟ್ಟುಕೊಳ್ಳಬೇಡಿ ಎಂದರಂತೆ ಡಾಕ್ಟರು.

"ನಾಗೇಶನೂ ಹಾಕಿ ನೋಡ್ದ, ಅವನಿಗೂ ಕಡಿಮೆ ಕೇಳ್ತು ಅಂತ ಅಪ್ಪ ಹೇಳಿದ್ರು ನಾಗೇಶಣ್ಣ" ಎಂದಳು ಅರ್ಪಿತಾ. "ಹಾಗಾಗಿ ಕಿವಿ ವಿಷ್ಯ ನಮ್ಗೆ ಯಾರಿಗೂ ತಲೆಗೇ ಬರ್ಲಿಲ್ಲ."

ಅವಳು ಚುಚ್ಚಿ ಹೇಳಿದ್ದಲ್ಲ. ನನ್ನ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ. ಹೂಂ ಎಂದು ಸೂಜಿಗೆ ದಾರ ಪೋಣಿಸತೊಡಗಿದೆ.

ಹತ್ತು ದಿನ ಮಾತ್ರೆ ನುಂಗಿದ್ದಾಯಿತು. ಎಡಗಿವಿ ಬರಲಿಲ್ಲ. ಅದರಲ್ಲಿ ಈಗ ಹಗಲೂ ರಾತ್ರಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮಿಷನ್ ಓಡಿದ ಹಾಗೆ ಗುಂಯ್ ಎನ್ನುತ್ತದಂತೆ. ಬಲಗಿವಿಯಲ್ಲಿ ಹಾಡು ಕೇಳಿದರೂ ಆ ಗುಂಯ್ ಮಧ್ಯೆ ಬಂದು ಸ್ವರ ಹಿಡಿಯಲು ಬಿಡುವುದಿಲ್ಲ. ನೋಟ್‌ಬುಕ್ಕು ಆರನೇ ಕ್ಯಾಸೆಟ್ಟಿನಲ್ಲೇ ನಿಂತುಹೋಯಿತು. ಇದನ್ನೆಲ್ಲ ಊರಲ್ಲಿ ಅವರಿವರು ಹೇಳಿ ನನಗೆ ಗೊತ್ತಾಗುತ್ತಿತ್ತು. ನಾನು ಆ ಬೀದಿಗೇ ಹೋಗುತ್ತಿರಲಿಲ್ಲ. ಹೇಡಿತನ, ಬೇರೆ ಹೆಸರಿಲ್ಲ.

ಕೊನೆಗೆ ಒಂದು ಭಾನುವಾರ ಹೋದೆ. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಕೈ ಸನ್ನೆಯಲ್ಲೇ ನನ್ನನ್ನು ಬಲಗಡೆಗೆ ಕರೆದು ಕೂರಿಸಿಕೊಂಡರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರು ಮಾಡುವ ಮೊದಲೇ ಅವರೇ ಕೇಳಿದರು.

"ಅವತ್ತು ನಿಂಗೆ ಎರಡೂ ಕಡೆ ಸಮ ಕೇಳ್ತಿತ್ತು, ಅಲ್ವಾ?"

"ಹೌದು ಸಾರ್. ಒಂದೇ ಸಮ ಕೇಳ್ತಿತ್ತು."

ಅವರು ರಸ್ತೆಯ ಕಡೆ ತಿರುಗಿದರು. ಕೊಟ್ಟಿಗೆಹಾರದ ಬಸ್ಸು ಹೋಯಿತು. ಅದು ಯಾವ ದಿಕ್ಕಿನಿಂದ ಬಂತೆಂದು ತಿಳಿಯದೆ ಅವರು ಎರಡೂ ಕಡೆಗೆ ಕತ್ತು ಹೊರಳಿಸಿದರು.

"ಉತ್ತರ ಗೊತ್ತಿಲ್ದೇ ಇದ್ರೆ ಕ್ಲಾಸಲ್ಲಿ ಬಾಯಿ ಮುಚ್ಕೊಂಡು ನಿಲ್ತಿದ್ದೆ ನೀನು" ಎಂದರು. "ಅದಕ್ಕೆ ಎಷ್ಟು ಬೈದಿದ್ದೀನಿ ನಿಂಗೆ. ಅವತ್ತೂ ಹಾಗೇ ನಿಂತಿದ್ರೆ ಸಾಕಿತ್ತಲ್ಲೋ."

ದನಿಯಲ್ಲಿ ಸಿಟ್ಟಿರಲಿಲ್ಲ. ಕಪಾಳಕ್ಕೆ ಎರಡು ಬಿಗಿದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯ್ತು ಸಾರ್ ಎಂದೆ. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅರ್ಪಿತಾ ಕಾಫಿ ತಂದಳು. ನನ್ನ ಮುಖ ನೋಡಿ, ಏನಾಯಿತು, ಏನು ಮಾತಾಡ್ತಿದ್ದೀರಿ ಎಂದು ಅಪ್ಪನ ಬಲಗಿವಿಗೆ ಬಗ್ಗಿ ಕೇಳಿದಳು. ಮೇಷ್ಟ್ರು ಒಮ್ಮೆ ನನ್ನ ಕಡೆ ನೋಡಿದರು.

"ಏನಿಲ್ಲ" ಎಂದರು. "ಪ್ಯಾಡ್ ತುಂಬಾ ಚೆನ್ನಾಗಿ ಹೊಲ್ದಿದ್ದೀಯ ಅಂತ ಇವನಿಗೆ ಹೇಳ್ತಿದ್ದೆ."